ಮಹಾನಗರದ ಜಿಲ್ಲೆಯಲ್ಲಿ ಒಕ್ಕಲುತನ ಸಾಧ್ಯವೇ?

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಅನೇಕರು ಗುಡ್ಡಾಪುರಕ್ಕೆ ಬಂದುಹೋದರು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಒಬ್ಬನು ದಾನಮ್ಮದೇವಿಯ ದರ್ಶನ ಮುಗಿಸಿ ನನ್ನ ಮನೆಗೂ ಬಂದನು. ಕುಶಲ ಪ್ರಶ್ನೆಗಳಾದ ಮೇಲೆ ಅವನು ಕೇಳಿದನು: “ಗುರುಗಳೇ, ಇಲ್ಲಿಯ ಐದು ಎಕರೆ ಹೊಲ ಮಾರಿ, ಬೆಂಗಳೂರಿನ ಅಂಚಿನಲ್ಲಿ ಹತ್ತು ಗುಂಟೆ ಕೊಂಡು, ಮನೆ, ಕಾಯಿಪಲ್ಲೆ, ಒಂದು ಆಕಳು ಇಟ್ಟುಕೊಂಡು ಒಕ್ಕಲುತನ ಮಾಡಿದರೆ ಹೇಗೆ?”

ನಾನು ಒಡನೆ ಉತ್ತರಿಸಲಿಲ್ಲ. ಐದನೆಯ ಇಯತ್ತೆಯಲ್ಲಿ ಅವನಿಗೆ ಕ್ಷೇತ್ರಫಲದ ಲೆಕ್ಕ ಕಲಿಸಿದವನು ನಾನೇ. ಆದ್ದರಿಂದ ಲೆಕ್ಕ ಮಾಡಿಯೇ ಹೇಳುವುದು ಯೋಗ್ಯವೆನಿಸಿತು. ಇಂಥ ಪ್ರಶ್ನೆ ನಮ್ಮ ಗಡಿಭಾಗದ ಮನೆಮನೆಯಲ್ಲಿಯೂ ಇರುವುದರಿಂದ ಆ ಲೆಕ್ಕವನ್ನು ಇಲ್ಲಿ ಪಾಠರೂಪವಾಗಿ ಕೊಟ್ಟಿದ್ದೇನೆ.

1. ನೆಲ

ಬೆಂಗಳೂರು ನಗರ ಜಿಲ್ಲೆಯ ವಿಸ್ತೀರ್ಣ ಸುಮಾರು 2,190 ಚದರ ಕಿಲೋಮೀಟರು. ನಮ್ಮ ಜತ್ತ ತಾಲೂಕಿನ ವಿಸ್ತೀರ್ಣ ಸುಮಾರು 2,250. ಎರಡೂ ಹೆಚ್ಚುಕಡಿಮೆ ಸಮಾನ. ಆದರೆ 2011ರ ಜನಗಣತಿಯಂತೆ ಆ ಜಿಲ್ಲೆಯಲ್ಲಿ 96 ಲಕ್ಷ ಜನ. ನಮ್ಮ ತಾಲೂಕಿನಲ್ಲಿ 3 ಲಕ್ಷ 28 ಸಾವಿರ. ನೆಲವನ್ನೆಲ್ಲ ತಲೆಗೆ ಸಮನಾಗಿ ಹಂಚಿದರೆ ಜತ್ತದವನಿಗೆ ಸುಮಾರು 68 ಗುಂಟೆ, ಎಂದರೆ ಒಂದು ಎಕರೆ 28 ಗುಂಟೆ ಬರುತ್ತದೆ. ಬೆಂಗಳೂರಿನವನಿಗೆ ಬರುವುದು ಎರಡೂಕಾಲು ಗುಂಟೆ. ರಸ್ತೆ, ಕೆರೆ, ಕಾರಖಾನೆ, ಕಚೇರಿಗಳೂ ಅದರಲ್ಲಿಯೇ ಸೇರಿವೆ. ಜನಗಣತಿಯ ನಂತರ ಅಲ್ಲಿಯ ಜನಸಂಖ್ಯೆ ಇನ್ನೂ ಬೆಳೆದಿದೆ.

ಹಾಗೆಂದು ಅಲ್ಲಿಯ ನೆಲ ಕೆಟ್ಟದ್ದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ತಂಪು ಹವೆ, ರಾಗಿ ಅವರೆಗೆ ಒಗ್ಗಿದ ಕೆಂಪುಮಣ್ಣು, ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ, ಇವು ಒಕ್ಕಲಿಗನು ಬಯಸುವಂಥವೇ. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವೆ. ಬೆಳೆದುದನ್ನು ಕೊಳ್ಳಲು ಮನೆಯ ಬಾಗಿಲಲ್ಲಿಯೇ ಪೇಟೆಯಿದೆ. ಅಲ್ಲಿ ಕೊರತೆಯಿರುವುದು ಮಣ್ಣಿನ ಗುಣಕ್ಕಲ್ಲ, ಅದರ ಅಳತೆಗೆ.

2. ಅನ್ನ

ಐದು ಜನರ ಸಂಸಾರ ಎಂದಿಟ್ಟುಕೊಳ್ಳೋಣ. ಒಬ್ಬನಿಗೆ ದಿನಕ್ಕೆ 400 ಗ್ರಾಮು ಕಾಳು ಹಿಡಿದರೆ ವರ್ಷಕ್ಕೆ 730 ಕಿಲೋ, ಅಂದರೆ ಏಳೂಕಾಲು ಕ್ವಿಂಟಲಿನ ಮೇಲಾಗುತ್ತದೆ. ಬೆಂಗಳೂರಿನ ಮಳೆಯಾಶ್ರಿತ ನೆಲದಲ್ಲಿ ಎಕರೆಗೆ ಏಳು ಕ್ವಿಂಟಲು ರಾಗಿ ಬಂದಿತೆಂದು ಭಾವಿಸಿದರೂ ಅನ್ನಕ್ಕಾಗಿಯೇ ಒಂದು ಎಕರೆಯ ಮೇಲೆ ಬೇಕು. ಹತ್ತು ಗುಂಟೆ ಅದರ ಕಾಲುಭಾಗ ಮಾತ್ರ.

ಕಾಯಿಪಲ್ಲೆಯ ಮಾತು ಬೇರೆ. ಐದು ಜನರಿಗೆ ಎರಡೂವರೆ ಗುಂಟೆಯ ಕೈತೋಟ ಸಾಕು. ಆಕಳಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿಮೇವು ಬೇಕು. ನೀರಾವರಿಯಿದ್ದರೆ ಐದಾರು ಗುಂಟೆಯಲ್ಲಿ ಬೆಳೆಯಬಹುದು. ಮನೆಗೆ ಒಂದೂವರೆ ಗುಂಟೆ ಬಿಟ್ಟರೆ ಹತ್ತು ಗುಂಟೆ ಮುಗಿಯಿತು. ಆದ್ದರಿಂದ ನೀರಿದ್ದಲ್ಲಿ ಹಾಲು, ಕಾಯಿಪಲ್ಲೆ ಮನೆಯದು. ರೊಟ್ಟಿಯ ಹಿಟ್ಟು ಅಂಗಡಿಯದು.

3. ನೀರು

ತೋಟ, ಮೇವು ಸೇರಿ ಎಂಟು ಗುಂಟೆಗೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಮಿಲಿಮೀಟರು ನೀರುಣಿಸಿದರೂ ಸುಮಾರು 3,200 ಲೀಟರು ಬೇಕು. 1,200 ಚದರ ಅಡಿಯ ಮಾಳಿಗೆಯ ಮೇಲೆ ಬೀಳುವ ಮಳೆಯಲ್ಲಿ ನೂರಕ್ಕೆ 80 ಭಾಗ ಹಿಡಿದಿಟ್ಟರೆ ವರ್ಷಕ್ಕೆ ಸುಮಾರು 86,000 ಲೀಟರು ದೊರೆಯುತ್ತದೆ. ಅಷ್ಟು ದೊಡ್ಡ ತೊಟ್ಟಿ ಕಟ್ಟಿಸಿದರೂ ಆ ನೀರು 27 ದಿನಕ್ಕೆ ತೀರುತ್ತದೆ.

ಉಳಿದ ದಿನಗಳಿಗೆ ಕೊಳವೆಬಾವಿಯೇ ಗತಿ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿವೆಯೆಂದು ಸರಕಾರವೇ ತಿಳಿಸಿತು. ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರು ದೂರದಿಂದ ಎತ್ತಿ ತರುತ್ತಾರೆ. ಜನರಿಗೆ ಕುಡಿಯಲು ತಂದ ಆ ನೀರನ್ನು ಮೇವಿಗೆ ಹರಿಸುವುದು ಧರ್ಮವೂ ಅಲ್ಲ, ಖರ್ಚಿಗೆ ಹೊಂದುವುದೂ ಇಲ್ಲ. ಇನ್ನು ಕೆರೆಯ ನೀರು ಎಂದರೆ, ಬೆಳ್ಳಂದೂರು ಕೆರೆ 2015ರಲ್ಲಿ ನೊರೆಯುಕ್ಕಿಸಿದ್ದನ್ನೂ, 2017ರಲ್ಲಿ ಹೊತ್ತಿ ಉರಿದದ್ದನ್ನೂ ದೇಶವೆಲ್ಲ ನೋಡಿದೆ. ಕಾರಖಾನೆಯ ಕೊಳೆ ಸೇರಿದ ನೀರಿನಲ್ಲಿ ಬೆಳೆದ ಸೊಪ್ಪನ್ನು ಮಕ್ಕಳಿಗೆ ಉಣಿಸಲಾಗದು.

4. ಹಕ್ಕು

ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ರೈತರಲ್ಲದವರೂ ಹೊಲ ಕೊಳ್ಳಲು ದಾರಿ ತೆರೆಯಿತು. ದಾರಿ ತೆರೆದಾಗ ಕೊಳ್ಳುವವರೂ ಹೆಚ್ಚುತ್ತಾರೆಂಬುದನ್ನು ಮರೆಯಬಾರದು. ಬೆಂಗಳೂರಿನ ನೆರೆಯ ದೇವನಹಳ್ಳಿ ತಾಲೂಕಿನಲ್ಲಿ 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ರೈತರು 2022ರಿಂದ ಧರಣಿ ಕುಳಿತರು. 2025ರ ಜುಲೈಯಲ್ಲಿ ಸರಕಾರ ಅದನ್ನು ಕೈಬಿಟ್ಟಿತು. ಮಹಾನಗರದ ಅಂಚಿನಲ್ಲಿ ಹೊಲ ಹೊಲವಾಗಿಯೇ ಉಳಿಯಲು ಅಷ್ಟು ಹೋರಾಟ ಬೇಕಾಯಿತು.

ನಮ್ಮ ಮಹಾರಾಷ್ಟ್ರದಲ್ಲಾದರೋ ರೈತನಲ್ಲದವನು ಜಿಲ್ಲಾಧಿಕಾರಿಯ ಅಪ್ಪಣೆಯಿಲ್ಲದೆ ಕೃಷಿಭೂಮಿ ಕೊಳ್ಳುವಂತಿಲ್ಲ. ಇದ್ದುದನ್ನೆಲ್ಲ ಮಾರಿ ಸಾತಬಾರಾ ಉತಾರೆಯಿಂದ ಹೆಸರು ಹೋದರೆ, ಮುಂದೆ ಮಗನು ಊರಿಗೆ ಮರಳಬೇಕೆಂದಾಗ ಬಾಗಿಲು ಸುಲಭವಾಗಿ ತೆರೆಯದು. ಈ ಮಾತನ್ನು ನಾನು ಅವನಿಗೆ ಎರಡು ಸಲ ಹೇಳಿದೆನು.

5. ನಮ್ಮ ನೆಲದ ಪರೀಕ್ಷೆ

“ನಮ್ಮ ಊರೇ ಮೇಲು” ಎಂದು ಇಲ್ಲಿಗೆ ಮುಗಿಸಿದರೆ ಅದು ಅಭಿಮಾನವಾದೀತು, ಲೆಕ್ಕವಾಗದು. ಜತ್ತ ಬರದ ನಾಡು. 1972ರ ಬರದಲ್ಲಿ ನಮ್ಮ ಬಾವಿಯ ತಳ ಕಂಡದ್ದು ನನಗೆ ನೆನಪಿದೆ. ಇಲ್ಲಿಯ ಮಕ್ಕಳು ಊರು ಬಿಟ್ಟದ್ದು ನೆಲವಿಲ್ಲದ್ದಕ್ಕಿಂತ ನೀರಿಲ್ಲದ್ದಕ್ಕೆ. ಮೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಎಲ್ಲ ಹಳ್ಳಿಗಳಿಗೂ ಮುಟ್ಟಬೇಕೆಂದು ನಮ್ಮ ಜನ ವರ್ಷಾನುಗಟ್ಟಲೆ ಕೂಗುತ್ತ ಬಂದಿದ್ದಾರೆ. ಆದರೂ ಎಕರೆಗೆ ನಾಲ್ಕೇ ಕ್ವಿಂಟಲು ಜೋಳ ಹಿಡಿದರೂ ಎರಡು ಎಕರೆ ಒಂದು ಸಂಸಾರದ ರೊಟ್ಟಿಗೆ ಸಾಕು. ಉಳಿದ ಮೂರರಲ್ಲಿ ಮೇವು, ನಮ್ಮ ಮಾಡಗ್ಯಾಳದ ಕುರಿ, ಒಂದು ಕೃಷಿಹೊಂಡ. ಬರ ಬಂದ ವರ್ಷ ಈ ಲೆಕ್ಕವೂ ತಪ್ಪುತ್ತದೆ. ಆದರೆ ಬರ ಕಳೆದ ಮೇಲೆ ನೆಲ ಮತ್ತೆ ನಮ್ಮದಾಗಿಯೇ ಇರುತ್ತದೆ.

ಆದ್ದರಿಂದ ನನ್ನ ತೀರ್ಮಾನವಿಷ್ಟು: ಬೆಂಗಳೂರು ನಗರ ಜಿಲ್ಲೆ ಕೈತೋಟಕ್ಕೆ ಉತ್ತಮ, ನೀರಿದ್ದರೆ ಹೈನಕ್ಕೆ ಮಧ್ಯಮ, ಪೂರ್ಣ ಒಕ್ಕಲುತನಕ್ಕೆ ಅಯೋಗ್ಯ. ನೌಕರಿಯಿರುವವನು ಅಲ್ಲಿ ಮನೆಯ ಮಾಳಿಗೆಯ ಮೇಲೆ ಮೆಂತ್ಯ, ಮೆಣಸಿನಕಾಯಿ ಬೆಳೆಯಲಿ. ಮಕ್ಕಳ ಕೈಗೆ ಮಣ್ಣು ಅಂಟಲಿ. ಅದಕ್ಕಾಗಿ ಊರಿನ ಹೊಲ ಮಾರುವ ಕಾರಣವಿಲ್ಲ.

ಅವನು ಲೆಕ್ಕದ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, “ಅಪ್ಪನ ಕೂಡ ಮಾತಾಡುತ್ತೇನೆ, ಗುರುಗಳೇ” ಎಂದು ನಮಸ್ಕರಿಸಿ ಹೋದನು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ನಿಮ್ಮ ಮನೆಯ ಮಾಳಿಗೆಯನ್ನು ಅಳೆಯಿರಿ. 500 ಮಿಲಿಮೀಟರು ಮಳೆಯಾದರೆ ಎಷ್ಟು ಲೀಟರು ನೀರು ಬೀಳುವುದು?
2. ನಿಮ್ಮ ಮನೆಗೆ ವರ್ಷಕ್ಕೆ ಎಷ್ಟು ಜೋಳ ಬೇಕು? ತಾಯಿಯನ್ನು ಕೇಳಿ ಬರೆಯಿರಿ.
3. ನಿಮ್ಮ ಹೊಲದ ಸಾತಬಾರಾದಲ್ಲಿ ಯಾರ ಯಾರ ಹೆಸರಿದೆ? ಅಜ್ಜನಲ್ಲಿ ಕುಳಿತು ಓದಿರಿ.