ದೇಹಕ್ಕೊಂದು ನ್ಯಾಯ, ಮನಸ್ಸಿಗೊಂದು ನ್ಯಾಯ

ನಾನು ಅಧ್ಯಾಪಕನಾಗಿದ್ದ ಶಾಲೆಯೊಂದರಲ್ಲಿ ಇಬ್ಬರು ಮಿತ್ರರಿದ್ದರು. ಒಬ್ಬರು ಚಿತ್ರಕಲೆಯ ಮೇಷ್ಟ್ರು. ಇನ್ನೊಬ್ಬರು ಗಣಿತದ ಮೇಷ್ಟ್ರು. ಇಬ್ಬರೂ ಒಂದೇ ಸಂಸ್ಥೆಯಲ್ಲಿ, ಒಂದೇ ಮೊತ್ತಕ್ಕೆ ಆರೋಗ್ಯ ವಿಮೆ ಮಾಡಿಸಿದ್ದರು. ವರ್ಷ ವರ್ಷವೂ ತಪ್ಪದೆ ಕಂತು ಕಟ್ಟುತ್ತಿದ್ದರು.

ಒಂದು ಮಳೆಗಾಲದಲ್ಲಿ ಚಿತ್ರಕಲೆಯ ಮೇಷ್ಟ್ರು ಸೈಕಲ್ಲಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಖರ್ಚಿನ ಬಹುಭಾಗವನ್ನು ವಿಮಾ ಸಂಸ್ಥೆ ಕೊಟ್ಟಿತು. ಊರಿನವರು ಹಣ್ಣುಹಂಪಲು ಹಿಡಿದು ಅವರನ್ನು ನೋಡಲು ಹೋದರು. ಮರುವರ್ಷ ಗಣಿತದ ಮೇಷ್ಟ್ರ ಮುಖದಲ್ಲಿ ನಗೆ ಮರೆಯಾಯಿತು. ಊಟ ಸೇರದು, ನಿದ್ದೆ ಬಾರದು. ಸೀಮೆಸುಣ್ಣ ಹಿಡಿದು ಕಪ್ಪು ಹಲಗೆಯ ಮುಂದೆ ನಿಂತವರು ಒಂದಕ್ಷರವನ್ನೂ ಬರೆಯಲಾರದೆ ಹಾಗೆಯೇ ನಿಂತುಬಿಡುತ್ತಿದ್ದರು. ವೈದ್ಯರು ಪರೀಕ್ಷಿಸಿ, ಇದು ತೀವ್ರವಾದ ಖಿನ್ನತೆ ಎಂದು ಹೇಳಿ ಆಸ್ಪತ್ರೆಗೆ ಸೇರಿಸಿಕೊಂಡರು. ವಿಮಾ ಸಂಸ್ಥೆಗೆ ಕಳುಹಿಸಿದ ಲೆಕ್ಕಪತ್ರಗಳು ಹಾಗೆಯೇ ಹಿಂದಿರುಗಿದವು. ಮಾನಸಿಕ ಕಾಯಿಲೆಗಳು ಈ ವಿಮೆಯ ವ್ಯಾಪ್ತಿಗೆ ಒಳಪಡುವುದಿಲ್ಲ ಎಂಬ ಒಂದೇ ಸಾಲಿನ ಉತ್ತರ ಅವುಗಳ ಜೊತೆಗಿತ್ತು. ಅವರ ಪತ್ನಿ ಬಳೆಗಳನ್ನು ಅಡವಿಟ್ಟು ಆಸ್ಪತ್ರೆಯ ಹಣ ತೆತ್ತರು. ಹಣ್ಣು ಹಿಡಿದು ನೋಡಲು ಹೋದವರೂ ವಿರಳ.

ಇದು 2017ಕ್ಕೆ ಹಿಂದಿನ ಮಾತು. ಒಂದೇ ಕಂತು ಕಟ್ಟಿದ ಇಬ್ಬರಲ್ಲಿ ಒಬ್ಬರಿಗೆ ನೆರವು ದೊರೆಯಿತು, ಇನ್ನೊಬ್ಬರಿಗೆ ದೊರೆಯಲಿಲ್ಲ. ಏಕೆ? ಒಬ್ಬರ ನೋವು ಮೂಳೆಯಲ್ಲಿತ್ತು, ಇನ್ನೊಬ್ಬರ ನೋವು ಮನಸ್ಸಿನಲ್ಲಿತ್ತು ಎಂಬುದಷ್ಟೇ ಕಾರಣ.

ವಿಮೆ ಎಂಬುದು ನಮ್ಮ ಜನಕ್ಕೆ ಹೊಸ ಮಾತಾದರೂ ಅದರ ಹಿಂದಿನ ತತ್ತ್ವ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಉಂಟು. ನಿನ್ನ ಹೊಲದ ಕೆಲಸಕ್ಕೆ ಇಂದು ನಾನು ಬರುತ್ತೇನೆ. ನಾಳೆ ನನ್ನ ಹೊಲಕ್ಕೆ ನೀನು ಬಾ. ಒಬ್ಬನ ಭಾರವನ್ನು ಹಲವರು ಹಂಚಿಕೊಳ್ಳುವ ಈ ಭಾವವೇ ವಿಮೆಯ ಜೀವಾಳ. ಸಾವಿರಾರು ಜನ ಸ್ವಲ್ಪ ಸ್ವಲ್ಪ ಹಣವನ್ನು ಒಂದೆಡೆ ಕೂಡಿಡುತ್ತಾರೆ. ಯಾರಿಗೆ ಯಾವಾಗ ಕಾಯಿಲೆ ಬರುವುದೋ ಯಾರೂ ಅರಿಯರು. ಬಂದವರಿಗೆ ಆ ನಿಧಿಯಿಂದ ನೆರವು ಸಲ್ಲುತ್ತದೆ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಹಾಗಿರುವಾಗ, ಹನಿ ಹಾಕುವಾಗ ಎಲ್ಲರೂ ಬೇಕು, ನೀರು ಕುಡಿಯುವಾಗ ಕೆಲವರು ಬೇಡ ಎನ್ನುವುದು ಯಾವ ನ್ಯಾಯ?

ವಿಮಾ ಸಂಸ್ಥೆಗಳು ಇದಕ್ಕೆ ಕಾರಣಗಳನ್ನು ಕೊಡದೆ ಇರಲಿಲ್ಲ. ಮುರಿದ ಮೂಳೆ ಎಕ್ಸ್‌ರೇ ಚಿತ್ರದಲ್ಲಿ ಕಾಣುತ್ತದೆ. ಮುರಿದ ಮನಸ್ಸು ಯಾವ ಯಂತ್ರದಲ್ಲಿಯೂ ಕಾಣುವುದಿಲ್ಲ. ಮೂಳೆ ಕೂಡಲು ಇಷ್ಟು ವಾರ ಬೇಕೆಂದು ಅಂದಾಜು ಮಾಡಬಹುದು. ಮನಸ್ಸು ಮಾಗಲು ಎಷ್ಟು ಕಾಲ ಬೇಕೆಂದು ಹೇಳುವುದು ಕಷ್ಟ. ಆದುದರಿಂದ ಖರ್ಚು ಮಿತಿಮೀರಬಹುದು ಎಂಬುದು ಅವರ ಭಯ. ಈ ಭಯದ ಹಿಂದೆ ಇನ್ನೊಂದು ಹಳೆಯ ನಂಬಿಕೆಯೂ ಅಡಗಿತ್ತು. ಮಾನಸಿಕ ಕಾಯಿಲೆಯೆಂದರೆ ಮನೋಬಲದ ಕೊರತೆ, ಕುಡಿತವೆಂದರೆ ಕೇವಲ ನಡತೆಯ ದೋಷ ಎಂಬ ನಂಬಿಕೆ ಅದು. ದೋಷಕ್ಕೆ ಶಿಕ್ಷೆ ಉಂಟೇ ಹೊರತು ಚಿಕಿತ್ಸೆ ಎಲ್ಲಿಯದು ಎಂದು ಸಮಾಜ ಭಾವಿಸಿತ್ತು. ಸಮಾಜದ ಆ ಭಾವನೆಯೇ ವಿಮೆಯ ಕರಾರುಗಳಲ್ಲಿಯೂ ಇಳಿದಿತ್ತು.

ವೈದ್ಯವಿಜ್ಞಾನ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಮಿದುಳು ಶರೀರದ ಒಂದು ಅಂಗ. ಹೃದಯಕ್ಕೆ, ಮೂತ್ರಪಿಂಡಕ್ಕೆ ರೋಗ ಬರುವಂತೆ ಮಿದುಳಿನ ಕಾರ್ಯದಲ್ಲಿಯೂ ಏರುಪೇರು ಉಂಟಾಗುತ್ತದೆ. ಮದ್ಯವನ್ನಾಗಲಿ ಮಾದಕ ವಸ್ತುವನ್ನಾಗಲಿ ದೀರ್ಘಕಾಲ ಸೇವಿಸಿದರೆ ಮಿದುಳಿನ ಕಾರ್ಯವಿಧಾನವೇ ಬದಲಾಗಿ, ಬಿಡಬೇಕೆಂಬ ಇಚ್ಛೆ ಇದ್ದರೂ ಬಿಡಲಾರದ ಸ್ಥಿತಿ ಒದಗುತ್ತದೆ. ಮೊದಲ ಲೋಟವನ್ನು ಎತ್ತಿದ್ದು ಮನುಷ್ಯನ ಆಯ್ಕೆ ಇರಬಹುದು. ಆದರೆ ಮುಂದೆ ಅವನು ಬೀಳುವ ಹೊಂಡ ಅವನು ಆಯ್ದುಕೊಂಡದ್ದಲ್ಲ. ಇಂತಹ ವ್ಯಸನಕ್ಕೂ ಖಿನ್ನತೆಗೂ ಚಿಕಿತ್ಸೆ ಉಂಟು. ಚಿಕಿತ್ಸೆಯಿಂದ ಚೇತರಿಸಿಕೊಂಡು ಬಾಳಿದವರು ಅನೇಕರಿದ್ದಾರೆ.

ಇದು ಯಾರೋ ಕೆಲವರ ಸಮಸ್ಯೆಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದಾರೆಂದು ಅದರಿಂದ ತಿಳಿದುಬಂದಿತು. ಅದಕ್ಕಿಂತ ಕಳವಳಕಾರಿಯಾದ ಸಂಗತಿ ಇನ್ನೊಂದಿತ್ತು. ಬಳಲುತ್ತಿರುವವರಲ್ಲಿ, ಕಾಯಿಲೆಯ ಬಗೆಗೆ ಅನುಸಾರವಾಗಿ, ನೂರಕ್ಕೆ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆ, ಜನರ ಸಂಕೋಚ, ಹಣದ ಅಭಾವ – ಈ ಮೂರೂ ಕೂಡಿ ಅವರ ಬಾಗಿಲನ್ನು ಮುಚ್ಚಿದ್ದವು. ಮೂರನೆಯ ಅಡ್ಡಿಯನ್ನಾದರೂ ತೆಗೆಯಬೇಕಾದರೆ ವಿಮೆ ಮನಸ್ಸಿನ ಕಾಯಿಲೆಗೂ ಸಲ್ಲಬೇಕು.

ಈ ಸಮಾನತೆಗಾಗಿ ದೀರ್ಘ ಹೋರಾಟ ನಡೆದ ದೇಶಗಳಲ್ಲಿ ಅಮೆರಿಕವು ಒಂದು. ಅಲ್ಲಿ ದೇಹದ ಕಾಯಿಲೆಗೆ ವಿಮೆ ಧಾರಾಳವಾಗಿ ಹಣ ಕೊಡುತ್ತಿದ್ದರೂ, ಮಾನಸಿಕ ಕಾಯಿಲೆಗೆ ಇಂತಿಷ್ಟೇ ದಿನ, ಇಂತಿಷ್ಟೇ ಭೇಟಿ, ಇಂತಿಷ್ಟೇ ಹಣ ಎಂದು ಗೆರೆ ಎಳೆಯುವುದು ರೂಢಿಯಾಗಿತ್ತು. ಪಾಲ್ ವೆಲ್‌ಸ್ಟೋನ್ ಮತ್ತು ಪೀಟ್ ಡೊಮೆನಿಚಿ ಎಂಬ ಇಬ್ಬರು ಸೆನೆಟ್ ಸದಸ್ಯರು ಇದನ್ನು ವಿರೋಧಿಸಿದರು. ಒಬ್ಬರು ಡೆಮಾಕ್ರಟಿಕ್ ಪಕ್ಷದವರು, ಇನ್ನೊಬ್ಬರು ರಿಪಬ್ಲಿಕನ್ ಪಕ್ಷದವರು. ಇತರ ಹಲವು ವಿಷಯಗಳಲ್ಲಿ ಪರಸ್ಪರ ವಿರೋಧಿಗಳಾಗಿದ್ದ ಇವರನ್ನು ಒಂದುಗೂಡಿಸಿದ್ದು ಮನೆಯ ನೋವು. ವೆಲ್‌ಸ್ಟೋನರ ಅಣ್ಣ ಮಾನಸಿಕ ಕಾಯಿಲೆಗೆ ತುತ್ತಾಗಿದ್ದರು. ಡೊಮೆನಿಚಿಯವರ ಮಗಳು ಸ್ಕಿಜೋಫ್ರೇನಿಯಾದಿಂದ ಬಳಲಿದ್ದರು. ತಮ್ಮ ಮನೆಯಲ್ಲಿ ಕಂಡ ಸಂಕಟವನ್ನು ಅವರು ಪರರ ಮನೆಯ ಸಂಕಟದೊಡನೆ ಹೋಲಿಸಿ ನೋಡಿದರು. ಇವರ ಪ್ರಯತ್ನದಿಂದ 1996ರಲ್ಲಿ ಮೊದಲ ಕಾಯ್ದೆ ಬಂದಿತು. ಅದು ಹಣದ ಒಟ್ಟು ಮಿತಿಯನ್ನು ಮಾತ್ರ ಸಮಗೊಳಿಸಿತು. ದಿನಗಳ ಮಿತಿ, ಭೇಟಿಗಳ ಮಿತಿ ಹಾಗೆಯೇ ಉಳಿದವು. ವ್ಯಸನದ ಚಿಕಿತ್ಸೆ ಅದರಲ್ಲಿ ಸೇರಿರಲಿಲ್ಲ. ಹೋರಾಟ ಮುಂದುವರಿದಿರುವಾಗಲೇ, 2002ರಲ್ಲಿ ವೆಲ್‌ಸ್ಟೋನ್ ವಿಮಾನ ಅಪಘಾತದಲ್ಲಿ ಮಡಿದರು. ಕೊನೆಗೆ 2008ರ ಅಕ್ಟೋಬರ್ 3ರಂದು, ಮಾನಸಿಕ ಕಾಯಿಲೆಗೂ ವ್ಯಸನಕ್ಕೂ ದೇಹದ ಕಾಯಿಲೆಗೆ ಸಮಾನವಾದ ನಿಯಮಗಳಿರಬೇಕೆಂಬ ಕಾಯ್ದೆಗೆ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದರು. ಆ ಕಾಯ್ದೆಗೆ ಇಬ್ಬರು ಸೆನೆಟ್ ಸದಸ್ಯರ ಹೆಸರನ್ನೂ ಇಡಲಾಗಿದೆ.

ಆದರೆ ಅದರಲ್ಲಿಯೂ ಒಂದು ಬಿರುಕಿತ್ತು. ಮಾನಸಿಕ ಚಿಕಿತ್ಸೆಯನ್ನು ವಿಮೆಯಲ್ಲಿ ಸೇರಿಸಿದರೆ ಸಮಾನವಾಗಿ ಸೇರಿಸಬೇಕು ಎಂದು ಕಾಯ್ದೆ ಹೇಳಿತೇ ಹೊರತು, ಸೇರಿಸಲೇಬೇಕು ಎಂದು ಹೇಳಲಿಲ್ಲ. 2010ರಲ್ಲಿ ಬಂದ ಮತ್ತೊಂದು ಕಾಯ್ದೆ, ವ್ಯಕ್ತಿಗಳೂ ಸಣ್ಣ ಉದ್ದಿಮೆಗಳೂ ಕೊಳ್ಳುವ ಹೊಸ ವಿಮೆಗಳ ಮಟ್ಟಿಗೆ ಈ ಬಿರುಕನ್ನು ಮುಚ್ಚಿತು. ಖರ್ಚು ಮಿತಿಮೀರುತ್ತದೆ ಎಂಬ ಭಯಕ್ಕೂ ಅಲ್ಲಿ ಉತ್ತರ ದೊರೆಯಿತು. 2001ರಿಂದ ಆ ದೇಶದ ಕೇಂದ್ರ ಸರ್ಕಾರದ ನೌಕರರಿಗೆ ಸಮಾನ ವಿಮೆ ಜಾರಿಗೆ ಬಂದಿತ್ತು. ಚಿಕಿತ್ಸೆಯ ಮೇಲ್ವಿಚಾರಣೆ ಸರಿಯಾಗಿದ್ದರೆ ಸಮಾನತೆಯಿಂದಾಗಿ ಖರ್ಚು ವಿಶೇಷವಾಗಿ ಏರುವುದಿಲ್ಲ ಎಂಬುದು ಆ ಅನುಭವದ ಅಧ್ಯಯನದಿಂದ ಗೊತ್ತಾಯಿತು.

ಇನ್ನು ನಮ್ಮ ದೇಶದ ವಿಚಾರ. ಬ್ರಿಟಿಷರ ಕಾಲದ 1912ರ ಕಾಯ್ದೆ ಮಾನಸಿಕ ರೋಗಿಗಳನ್ನು ಹುಚ್ಚರೆಂದೇ ಕರೆದು, ಅವರನ್ನು ಕೂಡಿಹಾಕುವ ಬಗೆಯನ್ನು ಕುರಿತೇ ಹೆಚ್ಚಾಗಿ ಚಿಂತಿಸಿತ್ತು. 1987ರ ಕಾಯ್ದೆ ಭಾಷೆಯನ್ನು ತಿದ್ದಿತು. 2017ರಲ್ಲಿ ಸಂಸತ್ತು ಅಂಗೀಕರಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಸಾರಿತು. ಇದು 2018ರ ಮೇ 29ರಿಂದ ಜಾರಿಗೆ ಬಂದಿತು. ಇದರ 21ನೆಯ ಪ್ರಕರಣ, ದೇಹದ ಕಾಯಿಲೆಗೆ ವಿಮೆ ದೊರೆಯುವ ತಳಹದಿಯ ಮೇಲೆಯೇ ಮಾನಸಿಕ ಕಾಯಿಲೆಗೂ ಪ್ರತಿಯೊಂದು ವಿಮಾ ಸಂಸ್ಥೆ ವಿಮೆ ಒದಗಿಸಬೇಕೆಂದು ವಿಧಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರುಪಯೋಗಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯ್ದೆ ಮಾನಸಿಕ ಕಾಯಿಲೆಯ ಅರ್ಥದಲ್ಲಿಯೇ ಸೇರಿಸಿದೆ.

ಕಾಯ್ದೆ ಬರೆದ ಮಾತ್ರಕ್ಕೆ ಅನ್ಯಾಯ ತೊಲಗಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಸಂಸ್ಥೆಗಳಿಗೆ ಸೂಚನೆ ನೀಡಿತು. ಆದರೂ ಕೆಲವು ಸಂಸ್ಥೆಗಳು ಹಳೆಯ ಕರಾರುಗಳನ್ನೇ ತೋರಿಸಿ ಹಣ ನಿರಾಕರಿಸಿದವು. ಅಂತಹ ಒಂದು ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ ತೀರ್ಪಿತ್ತು, ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಸಮಾನತೆ ಸಲ್ಲಬೇಕೆಂದು ಸ್ಪಷ್ಟಪಡಿಸಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಕಾಯ್ದೆಗೆ ಅನುಗುಣವಾಗಿರಬೇಕೆಂದು ಪ್ರಾಧಿಕಾರವು ಮತ್ತೆ ಆಜ್ಞಾಪಿಸಬೇಕಾಯಿತು.

ಇಂದಿಗೂ ಎರಡು ಕೊರತೆಗಳು ಉಳಿದಿವೆ. ಮೊದಲನೆಯದು ವ್ಯಸನದ ವಿಷಯ. ಕಾಯ್ದೆ ಅದನ್ನು ಕಾಯಿಲೆಯೆಂದು ಒಪ್ಪಿದ್ದರೂ, ಕುಡಿತ ಮತ್ತು ಮಾದಕ ವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಕರಾರಿಗೆ ಪ್ರಾಧಿಕಾರದ 2019ರ ಮಾರ್ಗಸೂಚಿಯಲ್ಲಿ ಎಡೆ ಇತ್ತು. ಅನೇಕ ಪಾಲಿಸಿಗಳಲ್ಲಿ ಆ ಸಾಲು ಈಗಲೂ ಕಾಣುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತೆ ಇದು. ಎರಡನೆಯದು ಚಿಕಿತ್ಸೆಯ ರೀತಿಯ ವಿಷಯ. ನಮ್ಮಲ್ಲಿ ವಿಮೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಹಣ ಕೊಡುತ್ತದೆ. ಮನಸ್ಸಿನ ಕಾಯಿಲೆಯವರಲ್ಲಿ ಬಹುಪಾಲು ಜನ ಆಸ್ಪತ್ರೆಯಲ್ಲಿ ಮಲಗುವುದಿಲ್ಲ. ಮನೆಯಲ್ಲಿದ್ದು, ಆಗಾಗ ವೈದ್ಯರನ್ನು ಕಂಡು, ತಿಂಗಳುಗಟ್ಟಲೆ ಔಷಧಿಯನ್ನೂ ಸಾಂತ್ವನದ ಸಲಹೆಯನ್ನೂ ಪಡೆಯಬೇಕಾಗುತ್ತದೆ. ಆ ಖರ್ಚು ವಿಮೆಯ ಹೊರಗೇ ಉಳಿಯುತ್ತದೆ. ಕೊಕ್ಕರೆಗೂ ನರಿಗೂ ಒಂದೇ ಬಗೆಯ ತಟ್ಟೆಯಲ್ಲಿ ಬಡಿಸಿದರೆ ಸಮಾನತೆಯಾಗುವುದಿಲ್ಲ ಎಂಬುದನ್ನು ನೀವು ಬಾಲ್ಯದ ಕಥೆಯಲ್ಲಿಯೇ ಓದಿದ್ದೀರಿ.

ಕಾಯ್ದೆ ಮಾಡುವವರು ದೊಡ್ಡವರು, ಇದರಲ್ಲಿ ನಮ್ಮ ಕೆಲಸವೇನು ಎಂದು ನೀವು ಕೇಳಬಹುದು. ಕಾಯ್ದೆ ಹಣವನ್ನು ಕೊಡಿಸಬಲ್ಲದು. ಹಣ್ಣು ಹಿಡಿದು ನೋಡಲು ಹೋಗುವ ಮನಸ್ಸನ್ನು ಕೊಡಿಸಲಾರದು. ನಿಮ್ಮ ಗೆಳೆಯನೊಬ್ಬ ಕಾರಣವಿಲ್ಲದೆ ಮಂಕಾಗಿ ಕುಳಿತರೆ, ನಿಮ್ಮದೇ ಮನಸ್ಸು ದಿನಗಟ್ಟಲೆ ಭಾರವಾದರೆ, ಅದನ್ನು ಜ್ವರದಂತೆಯೇ ಕಂಡು ಹಿರಿಯರಿಗೆ ಹೇಳಿರಿ, ಉಪಾಧ್ಯಾಯರಿಗೆ ಹೇಳಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ ಉಂಟು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುತ್ತದೆ. ಹುಚ್ಚ, ಕುಡುಕ ಎಂದು ಕೂಗಿ ನಗುವ ನಾಲಗೆಯನ್ನು ತಡೆಯುವುದಂತೂ ಎಲ್ಲರಿಂದಲೂ ಸಾಧ್ಯ.

ನನ್ನ ಗಣಿತದ ಮಿತ್ರರ ಕಥೆಯನ್ನು ಅರ್ಧದಲ್ಲಿ ಬಿಟ್ಟಿದ್ದೆ. ನಾಲ್ಕು ತಿಂಗಳ ಅನಂತರ ಅವರು ಶಾಲೆಗೆ ಮರಳಿದರು. ಮೊದಲ ದಿನ ಕಪ್ಪು ಹಲಗೆಯ ಮುಂದೆ ನಿಂತು ಪೈಥಾಗೊರಸನ ಪ್ರಮೇಯವನ್ನು ತಪ್ಪಿಲ್ಲದೆ ಸಾಧಿಸಿದರು. ಅನಂತರ ಒಂಬತ್ತು ವರ್ಷ ಪಾಠ ಹೇಳಿದರು. ಚಿತ್ರಕಲೆಯ ಮೇಷ್ಟ್ರು ಮಾತ್ರ ಕೊನೆಯವರೆಗೂ ಸ್ವಲ್ಪ ಕುಂಟುತ್ತಲೇ ನಡೆದರು. ಇಬ್ಬರೂ ಸಂಜೆ ಜೊತೆಯಾಗಿ ಮನೆಗೆ ಹೊರಟಾಗ, ಯಾರ ಗಾಯ ದೊಡ್ಡದು, ಯಾರ ಗಾಯ ಚಿಕ್ಕದು ಎಂದು ಹೇಳುವುದು ನೋಡುವವರಿಗೆ ಸಾಧ್ಯವಿರಲಿಲ್ಲ. ಗಣಿತದ ಮೇಷ್ಟ್ರ ಪತ್ನಿ ಅಡವಿಟ್ಟ ಬಳೆಗಳು ಮಾತ್ರ ಮತ್ತೆ ಮನೆಗೆ ಬರಲಿಲ್ಲ. ಮತ್ತೊಂದು ಮನೆಯ ಬಳೆಗಳು ಹಾಗೆ ಹೋಗದಂತೆ ನೋಡಿಕೊಳ್ಳುವುದೇ ಈ ಕಾಯ್ದೆಯ ಉದ್ದೇಶ.

ಅಭ್ಯಾಸ

1. ಲೇಖಕರು ವಿಮೆಯನ್ನು ಮುಯ್ಯಾಳಿನ ಪದ್ಧತಿಗೆ ಏಕೆ ಹೋಲಿಸಿದ್ದಾರೆ?
2. ವೆಲ್‌ಸ್ಟೋನ್ ಮತ್ತು ಡೊಮೆನಿಚಿ ಅವರನ್ನು ಒಂದುಗೂಡಿಸಿದ ಸಂಗತಿ ಯಾವುದು?
3. 2017ರ ಕಾಯ್ದೆಯ 21ನೆಯ ಪ್ರಕರಣ ಏನನ್ನು ವಿಧಿಸುತ್ತದೆ? ಕಾಯ್ದೆಯ ಅನಂತರವೂ ಉಳಿದಿರುವ ಎರಡು ಕೊರತೆಗಳನ್ನು ವಿವರಿಸಿರಿ.
4. "ಕಾಯ್ದೆ ಹಣವನ್ನು ಕೊಡಿಸಬಲ್ಲದು, ಹಣ್ಣು ಹಿಡಿದು ನೋಡಲು ಹೋಗುವ ಮನಸ್ಸನ್ನು ಕೊಡಿಸಲಾರದು." ಈ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.