ಕ್ಯಾನ್ಸರ್ ರೋಗಿಯ ಕರುಳು ಕಟ್ಟಿದಾಗ: ಬೈಪಾಸ್‌ಗೆ ಮೊದಲು ಕೇಳಬೇಕಾದದ್ದು

ಕ್ಯಾನ್ಸರ್ ಬಲಿತ ಮೇಲೆ ಕರುಳು ಕಟ್ಟಿಕೊಂಡರೆ ನಮ್ಮ ಕಡೆ ಎರಡೇ ಮಾತು: ಹೊಟ್ಟೆ ಕೊಯ್ಯಿಸಬೇಕು, ಇಲ್ಲವೇ ಮನೆಗೆ ಕರೆದೊಯ್ಯಬೇಕು. ನಡುವೆ ಎಂಡೋಸ್ಕೋಪಿಯ ದಾರಿಗಳಿವೆ. ಅವುಗಳ ಹೆಸರು ಕೇಳಿಬಲ್ಲವರು ಆಂಧ್ರದ ಚಿಲಮತ್ತೂರಿನಿಂದ ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬೆಂಗಳೂರು ಮುಟ್ಟಿದ್ದೇ ತಡ, ‘ಬೈಪಾಸ್ ಮಾಡಿಬಿಡಿ’ ಎಂದು ದುಂಬಾಲು ಬೀಳುತ್ತಾರೆ. ಮೊದಲು ಕೇಳಬೇಕಾದದ್ದು, ತಡೆ ಎಲ್ಲಿದೆ, ಒಂದೇ ಇದೆಯೇ ಎಂದು.

ವಾಂತಿ ಹತ್ತಿ, ಮಲವೂ ಗಾಳಿಯೂ ನಿಂತರೆ ಬಾಯಿಗೆ ಏನೂ ಕೊಡಬೇಡಿ. ಶಕ್ತಿ ಬರಲಿ ಎಂದು ಕುಡಿಸಿದ ಗಂಜಿ, ಎಳನೀರು ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿಯಬಹುದು. ಹಿಂದೂಪುರದಲ್ಲೇ ಗ್ಲೂಕೋಸ್ ಹಾಕಿಸಿ, ಮೂಗಿನಿಂದ ನಳಿಕೆ ಇಳಿಸಿ ಜಠರ ಖಾಲಿ ಮಾಡಿಸಿಕೊಂಡು ಹೊರಡಿ. ಕರುಳು ಪೂರ್ತಿ ಕಟ್ಟಿದ್ದಾಗ ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೊಪ್ರಮೈಡ್ ಇಂಜೆಕ್ಷನ್ ನುಲಿನೋವನ್ನು ಹೆಚ್ಚಿಸುತ್ತದೆ. ಬೇರೆ ಔಷಧ ಕೇಳಿ. ವಾಂತಿಯ ಬಣ್ಣ ಬರೆದಿಡಿ. ನಿನ್ನೆಯ ಅನ್ನ ಹಾಗೇ ಬಂದು ಪಿತ್ತದ ಹಸಿರು ಕಾಣದಿದ್ದರೆ ತಡೆ ಜಠರದ ಬಾಗಿಲಲ್ಲೇ ಇರಬಹುದು. ಹಸಿರಿದ್ದರೆ ಇನ್ನೂ ಕೆಳಗೆ. ಜ್ವರ, ಬಿಡದ ನೋವು, ಹಲಗೆಯಂತೆ ಬಿಗಿದ ಹೊಟ್ಟೆ ಇದ್ದರೆ ಎಂಡೋಸ್ಕೋಪಿಯ ಮಾತು ಬಿಟ್ಟು ತಕ್ಷಣ ಶಸ್ತ್ರವೈದ್ಯರ ಬಳಿ ಹೋಗಿ.

ಮುಂದಿನದು ಸಿ.ಟಿ. ಸ್ಕ್ಯಾನ್. ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಸ್ಕ್ಯಾನ್ ತೋರಿಸಿ ಖರ್ಚು ಉಳಿಸಲು ನೋಡುತ್ತಾರೆ. ರೋಗ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ. ಮೇದೋಜೀರಕದ ಗೆಡ್ಡೆ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್ಮನ್ನು ಒತ್ತಿದ್ದರೆ ತಡೆ ಸಾಮಾನ್ಯವಾಗಿ ಒಂದೇ; ಅದನ್ನು ದಾಟಿಸಿದರೆ ಊಟ ಸಾಗುತ್ತದೆ. ಅಂಡಾಶಯದ, ಜಠರದ ಕ್ಯಾನ್ಸರ್ ಹೊಟ್ಟೆಯ ಒಳಪೊರೆಗೆ ಹರಡಿದ್ದರೆ ಕರುಳು ಹಲವು ಕಡೆ ಅಂಟಿ ಮಡಿಚಿರುತ್ತದೆ. ಮೇಲಿನ ತಡೆ ದಾಟಿದ ಆಹಾರ ಕೆಳಗಿನದರಲ್ಲಿ ಸಿಕ್ಕಿಕೊಳ್ಳುತ್ತದೆ. ದಾರಿ ತೆರೆದಿಡುವ ಕೊಳವೆ, ಅಂದರೆ ಸ್ಟೆಂಟ್, ಸರಿಯಾಗಿ ಕೂತಿದ್ದರೂ ವಾಂತಿ ನಿಲ್ಲದು. ಅಂಥವರಿಗೆ ಆಕ್ಟ್ರಿಯೊಟೈಡ್‌ನಂಥ ಔಷಧ, ಇಲ್ಲವೇ ಹೊಟ್ಟೆಯ ಗೋಡೆಯಿಂದ ಜಠರಕ್ಕೆ ಸಣ್ಣ ನಳಿಕೆ ಹಾಕಿ ದ್ರವ ಹೊರಬಿಡುವುದು ಮೇಲು. ಇದನ್ನು ‘ಕೈಬಿಟ್ಟರು’ ಎಂದು ತಿಳಿಯುವುದು ತಪ್ಪು. ಮೂಗಿನ ನಳಿಕೆ ತೆಗೆದು ಮನೆಯಲ್ಲಿರಲು ಆಗುವುದು ಇದರಿಂದಲೇ.

ತಡೆ ಒಂದೇ ಆಗಿ, ಮೇಲ್ಭಾಗದಲ್ಲಿದ್ದರೆ ದಾರಿ ಮೂರು. 1881ರಲ್ಲಿ ವಿಯೆನ್ನಾದಲ್ಲಿ ಶಸ್ತ್ರವೈದ್ಯ ವೋಲ್ಫ್ಲರ್ ಮೊದಲು ಮಾಡಿದ, ಜಠರವನ್ನು ಸಣ್ಣ ಕರುಳಿಗೆ ಹೊಲಿಯುವ ಶಸ್ತ್ರಚಿಕಿತ್ಸೆ ಒಂದು. ಗೆಡ್ಡೆಯ ಮಧ್ಯೆಯೇ ಲೋಹದ ಬಲೆಯ ಸ್ಟೆಂಟ್ ಕೂರಿಸುವುದು ಇನ್ನೊಂದು. ಮೂರನೆಯದಾದ ಎಂಡೋಸ್ಕೋಪಿಯ ಬೈಪಾಸ್‌ನಲ್ಲಿ ತಡೆಯ ಆಚೆಗಿನ ಕರುಳಿಗೆ ನೀರು ತುಂಬಿ ಉಬ್ಬಿಸಿ, ಜಠರದೊಳಗಿನ ಅಲ್ಟ್ರಾಸೌಂಡ್ ಎಂಡೋಸ್ಕೋಪ್‌ನಿಂದ ಅದನ್ನು ಕಂಡು ಚುಚ್ಚಿ, ಎರಡೂ ತುದಿ ಅಗಲವಾದ 15 ಅಥವಾ 20 ಮಿ.ಮೀ. ಸ್ಟೆಂಟ್‌ನಿಂದ ಜಠರವನ್ನೂ ಕರುಳನ್ನೂ ಜೋಡಿಸುತ್ತಾರೆ. ಬಲೆಯ ಸ್ಟೆಂಟ್ ಸಾಲದೇ ಎನ್ನಬಹುದು. ಅದರೊಳಗೆ ಗೆಡ್ಡೆ ಮತ್ತೆ ಬೆಳೆಯುತ್ತದೆ: 2024ರಲ್ಲಿ ಪ್ರಕಟವಾದ, ಹಲವು ದೇಶಗಳ 97 ರೋಗಿಗಳ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಮರುಚಿಕಿತ್ಸೆ ಬೇಕಾದವರು ಬಲೆಯ ಸ್ಟೆಂಟ್‌ನಲ್ಲಿ ಶೇ 29, ಹೊಸ ವಿಧಾನದಲ್ಲಿ ಶೇ 4. ಆದರೂ ಉಳಿದಿರುವುದು ಕೆಲವೇ ವಾರ ಎಂದಾದರೆ ಬಲೆಯೇ ಸಾಕು, ದುಬಾರಿಯದಕ್ಕೆ ಹೊಲ ಮಾರುವುದು ಬೇಡ. ಹೊಟ್ಟೆಯಲ್ಲಿ ನೀರು ಹೆಚ್ಚು ತುಂಬಿದ್ದರೂ ಹೊಸ ವಿಧಾನ ಅಪಾಯದ್ದು. ಮಾಡಿಸುವುದಾದರೆ ಪಳಗಿದ ಕೈಯಲ್ಲೇ ಮಾಡಿಸಿ. ಇದುವರೆಗೆ ಎಷ್ಟು ಮಾಡಿದ್ದೀರಿ ಎಂದು ಕೇಳಲು ಸಂಕೋಚ ಬೇಡ.

ಆರೋಗ್ಯಶ್ರೀ, ಅಂದರೆ ಈಗಿನ ಎನ್‌ಟಿಆರ್ ವೈದ್ಯ ಸೇವೆಯ ಕಾರ್ಡ್ ನೀವು ಹೋಗಲಿರುವ ಬೆಂಗಳೂರಿನ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೇ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಮುಂಚೆಯೇ ತಿಳಿಸಿ. ಚಿಕಿತ್ಸೆಯ ನಂತರ ವೈದ್ಯರು ಹೇಳಿದ ಮೇಲೆ ನೀರು, ಆಮೇಲೆ ತೆಳು ಗಂಜಿ, ಮೆತ್ತನೆ ಅನ್ನ; ನಾರಿನ ಸೊಪ್ಪು, ದೊಡ್ಡ ತುತ್ತು ಬೇಡ. ವಾಂತಿ ಮರಳಿದರೆ ಅದೇ ಆಸ್ಪತ್ರೆಗೆ ಫೋನ್ ಮಾಡಿ.