ಕಾರವಾರದಲ್ಲಿ ದೋಣಿ ಹತ್ತುವ ಮುನ್ನ

ಮಕ್ಕಳಿಗೆ ರಜೆ ಬಿದ್ದರೆ ಸಾಕು, ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಮನೆಗಳಲ್ಲಿ ಕಾರವಾರದ ಮಾತು ಶುರುವಾಗುತ್ತದೆ. ಹೋಗಿ ಬನ್ನಿ, ಬೇಡವೆನ್ನುವವರು ಯಾರು? ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ದಾಂಡೇಲಿ ಹಾಯ್ದು ಬರುವ ನಮ್ಮ ಕಾಳಿ ಕಡಲು ಸೇರುವುದನ್ನು ಮಕ್ಕಳು ನೋಡಲೇಬೇಕು. ಆದರೆ ಬೆಳಿಗ್ಗೆ ಘಟ್ಟ ಇಳಿದು, ಮಧ್ಯಾಹ್ನ ಮೀನೂಟ ಮುಗಿಸಿ, ಸಂಜೆ ದೋಣಿ ಸುತ್ತಿ, ರಾತ್ರಿಯೇ ಮನೆ ಸೇರಬೇಕೆನ್ನುವ ನಿಮ್ಮ ಅವಸರ ಇದೆಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಒಂದು ರಾತ್ರಿ ಅಲ್ಲೇ ಉಳಿಯಿರಿ. ಅಣಶಿ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ಅದೇ ದಿನ ಅಲೆಯ ಮೇಲೆ ಕೂರಿಸುವುದು ಯಾವ ನ್ಯಾಯ? ಮೊದಲ ದಿನ ನೆಲದ ಮೇಲೆ ಕಳೆಯಲಿ. ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡಕ್ಕೆ ಹತ್ತಿಸಿ, ಅಲ್ಲಿಂದ ಹೊಳೆ, ಅಳಿವೆ, ಕಡಲು ಮೂರನ್ನೂ ತೋರಿಸಿ. ಮೆಣಸಿನ ಆಸೆಗೆ ಇಂಗ್ಲಿಷ್ ವರ್ತಕರು 1638ರಲ್ಲೇ ಹಾಯಿ ಬಿಚ್ಚಿ ಇಲ್ಲಿಗೆ ಬಂದು ಕೋಠಿ ಹಾಕಿದ್ದನ್ನು ಹೇಳಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥ ಟಾಗೋರರು ಬಂದು ತಂಗಿದ್ದರು. ಕಡಲತೀರಕ್ಕೆ ಅವರ ಹೆಸರು ಬಂದದ್ದು ಹಾಗೆ. ಪಕ್ಕದಲ್ಲೇ ಚಾಪಲ್ ಯುದ್ಧನೌಕೆ ನಿಂತಿದೆ, ಅದರೊಳಗೂ ಸುತ್ತಾಡಿಸಿ.

ದೋಣಿ ಮರುದಿನ ಬೆಳಿಗ್ಗೆಗಿರಲಿ. ಮಧ್ಯಾಹ್ನವಾಗುತ್ತ ಕಡಲಗಾಳಿ ಜೋರಾಗುತ್ತದೆ. ಅಳಿವೆಯಲ್ಲಿ ಇಳಿತದ ನೀರು ಹೊರಗೆ ಹೋಗುವಾಗ ಎದುರಿನಿಂದ ಗಾಳಿ ಬೀಸಿದರೆ ತೆರೆ ಎತ್ತರಕ್ಕೆ ಏಳುತ್ತದೆ. ಇದು ಅಲ್ಲಿಯ ಮೀನುಗಾರರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಆದ್ದರಿಂದ ದೋಣಿಯವರು "ಇವತ್ತು ಬೇಡ" ಎಂದರೆ ಬೇಡ. ಇನ್ನೂರು ಹೆಚ್ಚು ಕೊಡುತ್ತೇವೆ ಎಂದು ಗಂಟು ಬೀಳಬೇಡಿ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಮೀನುಗಾರಿಕೆ ನಿಲ್ಲಿಸಿ ದಡದಲ್ಲಿರುತ್ತವೆ. ನಿಮಗೇನು ಅಂಥ ತುರ್ತು?

ಹತ್ತುವ ಮೊದಲು ತಲೆ ಎಣಿಸಿ. ದೋಣಿಗೆ ಎಷ್ಟು ಜನರ ಅನುಮತಿ ಇದೆ ಎಂದು ಬಾಯಿಬಿಟ್ಟು ಕೇಳಿ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ಅದರಲ್ಲಿ ಮಕ್ಕಳಿದ್ದರು, ಮುಂಡಗೋಡದ ಆಚೆಗಿನ ಹಾವೇರಿ ಕಡೆಯಿಂದ ದೇವರಿಗೆಂದು ಬಂದವರಿದ್ದರು. ದೋಣಿಯಲ್ಲಿ ಜನ ಹೆಚ್ಚಾಗಿದ್ದರು. "ಇನ್ನಿಬ್ಬರು ಹಿಡಿಸುತ್ತಾರೆ, ಹತ್ತಿ" ಎಂಬ ಮಾತು ಕೇಳಿದರೆ ನೀವೇ ಇಳಿದು ಮುಂದಿನ ದೋಣಿಗೆ ಕಾಯಿರಿ. ತಾಳಿದವನು ಬಾಳಿಯಾನು.

ಗಣೇಶಗುಡಿಯಲ್ಲಿ ರಾಫ್ಟಿಂಗಿಗೆ ಹೋದಾಗ ಮರುಮಾತಿಲ್ಲದೆ ಲೈಫ್ ಜಾಕೆಟ್ ಹಾಕಿಕೊಳ್ಳುವ ನೀವು, ಕಡಲಿಗೆ ಬಂದಾಗ ಸೆಕೆ ಎನ್ನುತ್ತೀರಿ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತೀರಿ. ಮಡಿಲಲ್ಲಿದ್ದ ಜಾಕೆಟ್ ಯಾರನ್ನೂ ತೇಲಿಸುವುದಿಲ್ಲ. ಮಗುವಿಗೆ ಮಗುವಿನ ಅಳತೆಯದೇ ಕೇಳಿ ಪಡೆಯಿರಿ. ಪಟ್ಟಿಗಳನ್ನೆಲ್ಲ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ, ಬೇರೆಯದು ಕೇಳಿ. ಹೆಂಗಸರು ಅಂದು ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡರೆ ಹತ್ತಿ ಇಳಿಯಲು ಸಲೀಸು.

ಹೊಟ್ಟೆ ಬಿರಿಯೆ ತಿಂದು ಹತ್ತಬೇಡಿ. ಬಂಗಡೆ ಸಾರು, ಸೋಲ್‌ಕಡಿ ಎಲ್ಲಾ ದಡಕ್ಕೆ ಬಂದ ಮೇಲೆ. ಹೊರಡುವ ಮುಂಚೆ ಎರಡು ಇಡ್ಲಿ ಸಾಕು. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದು ಓಡಬೇಡಿ, ಸಣ್ಣ ದೋಣಿ ವಾಲುವುದೇ ಆಗ. ಕೂತಲ್ಲೇ ಕೂತು ನೋಡಿ. ಅರಗಾದ ನೌಕಾನೆಲೆಯ ಕಡೆ ಮೊಬೈಲ್ ಎತ್ತಬೇಡಿ, ಅಂಜುದೀವಿ ದ್ವೀಪಕ್ಕೆ ಕರೆದುಕೊಂಡು ಹೋಗಿ ಎಂದು ಹಟವನ್ನೂ ಹಿಡಿಯಬೇಡಿ. ಅದು ನೌಕಾಪಡೆಯ ಸುಪರ್ದಿಯಲ್ಲಿದೆ. ತಿಂಡಿಯ ಪ್ಲಾಸ್ಟಿಕ್ ಕಡಲಿಗೆ ಎಸೆಯದೆ ಚೀಲದಲ್ಲಿ ವಾಪಸ್ ತನ್ನಿ.

ಕೊನೆಯದಾಗಿ, ದೋಣಿಯವರನ್ನು ಏಕವಚನದಲ್ಲಿ ಕರೆದು, ಇಳಿಯುವಾಗ ಬಾಡಿಗೆಗೆ ಚೌಕಾಶಿ ಮಾಡುವ ಚಾಳಿ ಬಿಡಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಅಂಥವರಿಗಾಗಿಯೇ ಹುಟ್ಟಿದ್ದು. 2024ರ ಆಗಸ್ಟಿನ ಒಂದು ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ, ಚಾಲಕನನ್ನು ಉಳಿಸಲು ಹೊಳೆಗಿಳಿದವರಲ್ಲಿ ಅಲ್ಲಿಯ ಮೀನುಗಾರರೂ ಇದ್ದರು. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಇಳಿದ ಮೇಲೆ ಪೂರ್ತಿ ಕೊಡಿ, ಮಕ್ಕಳಿಂದ ನಮಸ್ಕಾರ ಹೇಳಿಸಿ. ಘಟ್ಟವನ್ನು ಮಾತ್ರ ಹೊತ್ತು ಮುಳುಗುವ ಮೊದಲೇ ಹತ್ತಿಬಿಡಿ.